ಐಟಿ ಖರ್ಚಿನ ಹಿಡಿತ ಐಟಿಯವ್ರ ಕೈಗೇ ಬರ್ಬೇಕಾ? ಯಾವ್ದಾದ್ಮೇಲೆ ಯಾವ್ದು ಮಾಡ್ಬೇಕು ಅನ್ನೋ ಸಮಗ್ರ ಮಾರ್ಗದರ್ಶಿ

ಜನವರಿ-ಫೆಬ್ರವರಿ ಬಂತು ಅಂದ್ರೆ ನಂಗೆ ಒಂದೇ ಥರದ ಫೋನ್ ಬರತ್ತೆ. ಶಿವಮೊಗ್ಗ, ಭದ್ರಾವತಿ, ಸಾಗರ ಕಡೆ ಫ್ಯಾಕ್ಟರಿ, ಆಸ್ಪತ್ರೆ, ಕಾಲೇಜಲ್ಲಿ ಸಿಸ್ಟಂ ನೋಡ್ಕೊಳ್ಳೋ ಹುಡುಗ್ರು. "ಸಾರ್, ಈ ಸಲಾನೂ ಬಜೆಟ್ ಕೇಳ್ದೆ, ಬೇಕಾದಾಗ ಬಂದು ಕೇಳು ಕೊಡ್ತೀವಿ ಅಂದ್ರು" ಅಂತ. ಬೇಕಾದಾಗ ಕೇಳೋದು ಅಂದ್ರೆ ಐಟಿಲಿ (ಕಂಪ್ಯೂಟರ್ ವಿಭಾಗದಲ್ಲಿ) ಹಾಳಾದ್ಮೇಲೆ ಕೇಳೋದು ಅಂತಲೇ ಅರ್ಥ, ಅದು ಕೇಳಿದವ್ರಿಗೂ ಗೊತ್ತು, ಹೇಳಿದವ್ರಿಗೆ ಮಾತ್ರ ಗೊತ್ತಿಲ್ಲ.

ಎಂತ ಮಾಡಿದ್ರಿ ಅಂತ ಕೇಳಿದ್ರೆ ಹೆಚ್ಚುಕಮ್ಮಿ ಎಲ್ರೂ ಮಾಡಿರೋದು ಒಂದೇ ತಪ್ಪು: ಕೊನೆಗೆ ಕೇಳ್ಬೇಕಾದ್ದನ್ನ ಮೊದಲೇ ಕೇಳಿರ್ತಾರೆ. "50 ಸಾವಿರದವರೆಗೆ ನಾನೇ ಆರ್ಡರ್ ಹಾಕಕ್ಕೆ ಅಧಿಕಾರ ಕೊಡಿ" ಅಂತ ಅಲ್ಲಿಂದಲೇ ಶುರು. ಎಷ್ಟು ಹೋಗ್ತಿದೆ ಅಂತ ಮಾಲೀಕ್ರಿಗೇ ಗೊತ್ತಿಲ್ಲದ ದುಡ್ಡನ್ನ ಅವ್ರು ಬೇರೆಯವ್ರ ಕೈಗೆ ಹೆಂಗೆ ಕೊಡ್ತಾರೆ? ಮೊದಲು ಲೆಕ್ಕ, ಆಮೇಲೆ ಪಟ್ಟಿ, ಆಮೇಲೆ ಖರ್ಚಿನ ಪಾಲು, ಅದಾದ್ಮೇಲೆ ಅಕೌಂಟ್ಸಲ್ಲಿ ಐಟಿಗೆ ಬೇರೆ ಹೆಡ್ (ಖರ್ಚಿನ ಶೀರ್ಷಿಕೆ). ಅಧಿಕಾರದ ಮಾತು ಇದೆಲ್ಲ ಆದ್ಮೇಲೆ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ. ಹಿಡಿತ ಅಂದ್ರೆ ಏನು ಕೊಳ್ಳೋದು, ಯಾವಾಗ ಕೊಳ್ಳೋದು, ಯಾರ ಹತ್ರ ಕೊಳ್ಳೋದು ಈ ಮೂರನ್ನ ಐಟಿ ತೀರ್ಮಾನ ಮಾಡೋದು. ದುಡ್ಡು ಕಟ್ಟೋದು ಅಕೌಂಟ್ಸ್ ಕೈಲೇ ಇರ್ಲಿ. ಚೆಕ್ಕೂ ನಂಗೇ ಕೊಡಿ ಅಂತ ಕೇಳಿದವ್ರಿಗೆ ಎರಡೂ ಸಿಕ್ಕಿಲ್ಲ.

ಶುರು ಮಾಡೋ ಮುಂಚೆ ಕೈಲಿ ಇರ್ಬೇಕಾದ್ದು

ಆರೇಳು ವಾರ ಟೈಮ್ ಬೇಕು. ಏಪ್ರಿಲ್ 1ಕ್ಕೆ ಹೊಸ ಲೆಕ್ಕದ ವರ್ಷ ಶುರು ಆಗೋದ್ರಿಂದ ಡಿಸೆಂಬರ್ ಕೊನೆಗೆ ಕೆಲ್ಸ ಹಿಡ್ಕೊಂಡ್ರೆ ಸರಿ ಹೋಗತ್ತೆ, ಮಾರ್ಚ್‌ಲ್ಲಿ ಶುರು ಮಾಡಿದ್ರೆ ಅಕೌಂಟ್ಸವ್ರು ನಿಮ್ ಮುಖಾನೂ ನೋಡಲ್ಲ.

ಹಿಂದಿನ ಮೂರು ವರ್ಷದ ಲೆಡ್ಜರ್ (ಖಾತೆವಾರು ಲೆಕ್ಕ) ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿಯಿಂದ ಎಕ್ಸೆಲ್‌ಗೆ ತೆಗ್ಸಿ ಇಟ್ಕೊಳ್ಳಿ. ಒಂದು ವರ್ಷದ್ದು ಸಾಲಲ್ಲ, ಯಾಕಂದ್ರೆ ಆಂಟಿವೈರಸ್, ಫೈರ್‌ವಾಲ್ ಲೈಸೆನ್ಸ್ ಎಲ್ಲ ಎಷ್ಟೋ ಕಡೆ ಮೂರು ವರ್ಷಕ್ಕೆ ಒಟ್ಟಿಗೆ ತಗೊಂಡಿರ್ತಾರೆ, ಅದು ಈ ವರ್ಷದ ಲೆಕ್ಕದಲ್ಲಿ ಕಾಣ್ಸೋದೇ ಇಲ್ಲ. ಒಂದು ಎಕ್ಸೆಲ್ ಶೀಟು, ಒಂದು ನೋಟ್‌ಬುಕ್ಕು, ಅಂಟ್ಸಕ್ಕೆ ಸ್ಟಿಕ್ಕರ್, ಇಷ್ಟೇ ಸಾಕು. ಇದಕ್ಕೇ ಅಂತ ಹೊಸ ಸಾಫ್ಟ್‌ವೇರ್ ಕೊಳ್ಳಕ್ಕೆ ಹೋಗ್ಬೇಡಿ.

ಎಲ್ಲಕ್ಕಿಂತ ಮುಖ್ಯ, ಅಕೌಂಟ್ಸಲ್ಲಿ ನಿಮ್ ಜೊತೆ ಕೂರೋ ಒಬ್ರು. ಅವ್ರಿಲ್ದೆ ಈ ಕೆಲ್ಸ ಆಗಲ್ಲ. ಅವ್ರ ಪ್ರಿಂಟರ್ ಮೂರು ತಿಂಗಳಿಂದ ಪೇಪರ್ ಕಚ್ಚಿಕೊಳ್ತಿದ್ರೆ ಮೊದಲು ಅದನ್ನ ಸರಿ ಮಾಡಿಕೊಟ್ಟು ಆಮೇಲೆ ಲೆಡ್ಜರ್ ಕೇಳಿ.

ಹಂತ 1: ಈಗ ಹೋಗ್ತಿರೋ ದುಡ್ಡನ್ನ ಹುಡುಕಿ ಒಂದು ಕಡೆ ಹಾಕಿ

"ಕಂಪ್ಯೂಟರ್" ಅನ್ನೋ ಲೆಡ್ಜರ್ ಒಂದನ್ನೇ ನೋಡಿ ಇಷ್ಟೇ ಅಂತ ಬಿಡ್ಬೇಡಿ. ಐಟಿ ಖರ್ಚು ಹತ್ತು ಕಡೆ ಚದುರಿ ಕೂತಿರತ್ತೆ. ಟೋನರ್ ಪ್ರಿಂಟಿಂಗ್ ಅಂಡ್ ಸ್ಟೇಷನರಿಲಿ, ಇಂಟರ್ನೆಟ್ ಟೆಲಿಫೋನ್ ಚಾರ್ಜಸ್‌ನಲ್ಲಿ, ಯುಪಿಎಸ್ ಬ್ಯಾಟರಿ ಎಲೆಕ್ಟ್ರಿಕಲ್ ರಿಪೇರಿಲಿ, ಸಿಸಿಟಿವಿ ಬಿಲ್ಡಿಂಗ್ ಮೆಂಟೆನೆನ್ಸಲ್ಲಿ, ವೆಬ್‌ಸೈಟ್ ಜಾಹೀರಾತು ಲೆಕ್ಕದಲ್ಲಿ. ಮೌಸು, ಕೇಬಲ್ಲು ಪೆಟ್ಟಿ ಕ್ಯಾಶಲ್ಲಿ ಹೋಗಿರತ್ತೆ. ಮಾಲೀಕ್ರ ಮಗ ತನ್ನ ಕಾರ್ಡಲ್ಲಿ ಕಟ್ಟಿ ಆಮೇಲೆ ದುಡ್ಡು ವಾಪಸ್ ತಗೊಂಡಿರೋ ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗೋ ಸರ್ವರ್) ಬಿಲ್ಲು ಡೈರೆಕ್ಟರ್ ಖಾತೆಲಿ ಇರತ್ತೆ.

ಅದಕ್ಕೆ ಲೆಡ್ಜರ್ ಹೆಸರಿಂದ ಹುಡುಕ್ಬೇಡಿ, ಅಂಗಡಿ ಹೆಸರಿಂದ ಹುಡುಕಿ. ಕಂಪ್ಯೂಟರ್ ಅಂಗಡಿಗಳು, ಇಂಟರ್ನೆಟ್ ಕೊಡೋರು, ಟೋನರ್ ರೀಫಿಲ್ ಮಾಡೋ ಹುಡುಗ, ಆನ್‌ಲೈನ್ ಖರೀದಿ, ಬ್ಯಾಟರಿಯವ್ರು, ಸಾಫ್ಟ್‌ವೇರ್ ಎಎಂಸಿ (ವರ್ಷದ ನಿರ್ವಹಣೆ ಕರಾರು) ಇರೋರು. ಒಂದೊಂದು ಹೆಸರು ಹಾಕಿ ಮೂರು ವರ್ಷದ್ದೂ ತೆಗೀರಿ, ಪ್ರತಿ ಸಾಲಿಗೆ ತಾರೀಖು, ಮೊತ್ತ, ಯಾವ ವಿಭಾಗಕ್ಕೆ, ಈಗ ಯಾವ ಲೆಡ್ಜರ್‌ಲ್ಲಿದೆ ಅಂತ ಬರೀರಿ.

ನಾನು ಮೊದಲ ಸಲ ಇದನ್ನ ಮಾಡಿದ ಕಡೆ ಮಾಲೀಕ್ರ ಅಂದಾಜು ವರ್ಷಕ್ಕೆ 4 ಲಕ್ಷ. ಕೂಡಿ ನೋಡಿದ್ರೆ 9 ಲಕ್ಷ ದಾಟಿತ್ತು. ಆ ಅಂಕಿ ನೋಡಿ ನಂಗೇ ಭಯ ಆಗಿ ಎರಡು ದಿನ ಸುಮ್ನೆ ಕೂತಿದ್ದೆ, ಇದನ್ನ ತೋರ್ಸಿದ್ರೆ ಇರೋದನ್ನೂ ಕಡಿತ ಮಾಡ್ತಾರೆ ಅಂತ. ಆಗಿದ್ದು ಬೇರೆ: "ಇಷ್ಟು ಹೋಗ್ತಿದೆ ಅಂತ ಇಷ್ಟು ವರ್ಷ ಯಾರೂ ಹೇಳಿರ್ಲಿಲ್ಲ ನೋಡು" ಅಂದ್ರು, ಅವತ್ತಿಂದ ಐಟಿ ಲೆಕ್ಕ ಅಂದ್ರೆ ನನ್ನ ಹತ್ರವೇ ಕೇಳಕ್ಕೆ ಶುರು ಮಾಡಿದ್ರು. ಹಂಗಾಗಿ ದೊಡ್ಡ ಮೊತ್ತ ಬಂತು ಅಂತ ಮುಚ್ಚಿಡ್ಬೇಡಿ, ಆ ಮೊತ್ತ ಹೊರಗೆ ಬಂದ್ಮೇಲೇನೇ ನಿಮ್ ಮಾತಿಗೆ ತೂಕ ಬರೋದು.

ಹಂತ 2: ಕಣ್ಣಾರೆ ನೋಡಿ ಪಟ್ಟಿ ಮಾಡಿ, ರಿನ್ಯೂವಲ್ ಕ್ಯಾಲೆಂಡರ್ ಬರೀರಿ

ಸಾಫ್ಟ್‌ವೇರ್‌ಲ್ಲಿ ಸ್ಕ್ಯಾನ್ ಮಾಡಿದ್ರೆ ಆನ್ ಆಗಿರೋ ಕಂಪ್ಯೂಟರ್ ಮಾತ್ರ ಸಿಗತ್ತೆ. ಗೋಡೌನ್ ಮೂಲೆಲಿ ಪ್ಲಾಸ್ಟಿಕ್ ಹೊದ್ದು ಕೂತಿರೋದು, ಸೆಕ್ಯೂರಿಟಿ ರೂಮಿನ ಹಳೇ ಸಿಸ್ಟಂ, ವೇಬ್ರಿಡ್ಜ್ ಪಕ್ಕದ ಪ್ರಿಂಟರ್ ಇವು ಸಿಗಲ್ಲ. ನೋಟ್‌ಬುಕ್ ಹಿಡ್ಕೊಂಡು ಓಡಾಡಿ, ಪ್ರತಿಯೊಂದಕ್ಕೂ ನಂಬರ್ ಸ್ಟಿಕ್ಕರ್ ಹಾಕಿ, ಕೊಂಡ ವರ್ಷ, ವಾರಂಟಿ ಯಾವಾಗ ಮುಗಿಯತ್ತೆ, ಯಾರು ಬಳಸ್ತಾರೆ ಅಂತ ಬರೀರಿ.

ನಮ್ ಮಲೆನಾಡಲ್ಲಿ ಎಲ್ರೂ ಪಟ್ಟಿಲಿ ಬಿಟ್ಟುಬಿಡೋ ಮೂರು ಸಾಮಾನು ಅಂದ್ರೆ ಯುಪಿಎಸ್ ಬ್ಯಾಟರಿ, ಅರ್ಥಿಂಗ್, ಇಂಟರ್ನೆಟ್‌ನ ಎರಡನೇ ಲೈನು. ದುಡ್ಡು ಕೈಬಿಟ್ಟು ಹೋಗೋದೂ ಇವುಗಳಿಂದಲೇ. ಸಿಡಿಲು ಜೋರಿರೋದು ಏಪ್ರಿಲ್-ಮೇ ಸಂಜೆ ಮಳೆಲಿ, ಸ್ವಿಚ್ಚು, ಕ್ಯಾಮೆರಾ ಸುಟ್ಟುಹೋಗೋದು ಆವಾಗ. ಜೂನ್-ಜುಲೈಲಿ ಮರ ಬಿದ್ದು ಮೆಸ್ಕಾಂ ಲೈನೂ ಹೋಗತ್ತೆ ಫೈಬರೂ ಹೋಗತ್ತೆ. ಅರ್ಥಿಂಗ್ ಗುಂಡಿ ಬೇಸಿಗೇಲಿ ಒಣಗಿರತ್ತೆ, ಅದನ್ನ ಮಾರ್ಚ್‌ಲ್ಲೇ ಎಲೆಕ್ಟ್ರಿಷಿಯನ್ ಹತ್ರ ಟೆಸ್ಟ್ ಮಾಡಿಸೋ ಖರ್ಚು ಪಟ್ಟಿಲಿ ಇರ್ಲೇಬೇಕು. ಬ್ಯಾಟರಿ ಹಾಕಿದ ತಾರೀಖು ಬ್ಯಾಟರಿ ಮೇಲೇ ಮಾರ್ಕರ್‌ಲ್ಲಿ ಬರೀರಿ, ಬಿಲ್ ಹುಡುಕೋ ತಾಪತ್ರಯ ತಪ್ಪತ್ತೆ.

ಆಮೇಲೆ ರಿನ್ಯೂವಲ್ ಕ್ಯಾಲೆಂಡರ್. ಡೊಮೈನ್ (ವೆಬ್‌ಸೈಟ್ ವಿಳಾಸದ ಹೆಸರು), ಮೇಲ್, ಫೈರ್‌ವಾಲ್, ಆಂಟಿವೈರಸ್, ಟ್ಯಾಲಿ, ಬ್ಯಾಕಪ್, ಎಎಂಸಿ ಎಲ್ಲದರ ಕೊನೆ ದಿನ ಬರೆದು, ಅದಕ್ಕಿಂತ 60 ದಿನ ಹಿಂದಿನ ತಾರೀಖಿಗೆ ಅಲಾರಂ ಇಡಿ. 15 ದಿನ ಇಟ್ಕೊಂಡ್ರೆ ರೇಟ್ ಮಾತಾಡಕ್ಕೆ ಟೈಮ್ ಸಿಗಲ್ಲ, ಮಾರೋರಿಗೆ ಅದು ಚೆನ್ನಾಗಿ ಗೊತ್ತು.

ಡೊಮೈನ್ ಯಾರ ಮೇಲ್ ಐಡಿಲಿ ರಿಜಿಸ್ಟರ್ ಆಗಿದೆ ಅಂತ ಇವತ್ತೇ ನೋಡಿ. ಕೆಲ್ಸ ಬಿಟ್ಟು ಹೋದ ಯಾರದ್ದೋ ಸ್ವಂತ ಜಿಮೇಲ್‌ಲ್ಲಿ ಇದ್ರೆ ಬೇರೆಲ್ಲ ಕೆಲ್ಸ ಬಿಟ್ಟು ಮೊದಲು ಅದನ್ನ ಕಂಪನಿ ಹೆಸರಿಗೆ ತನ್ನಿ.

ಹಂತ 3: ಖರ್ಚನ್ನ ನಾಲ್ಕು ಪಾಲು ಮಾಡಿ

ಒಂದೇ ಮೊತ್ತ ಬರೆದು ಕೊಟ್ರೆ ಮಾಲೀಕ್ರು ಕೇಳೋದು "ಇದ್ರಲ್ಲಿ ಎಷ್ಟು ಕಮ್ಮಿ ಮಾಡ್ಬಹುದು" ಅಂತ. ಪಾಲು ಮಾಡಿ ಕೊಟ್ರೆ "ಯಾವ್ದನ್ನ ಬಿಡೋದು" ಅಂತ ಕೇಳ್ತಾರೆ, ಆ ಪ್ರಶ್ನೆಗೆ ಉತ್ರ ಹೇಳೋದು ನೀವೇ.

ಮೊದಲನೇ ಪಾಲು, ನಡೆಸೋ ಖರ್ಚು. ಇಂಟರ್ನೆಟ್, ಲೈಸೆನ್ಸ್, ಎಎಂಸಿ, ಟೋನರ್, ಬ್ಯಾಕಪ್. ಇದು ವರ್ಷ ವರ್ಷ ಬರೋದೇ. ಇದ್ರಲ್ಲಿ ಕಾನೂನಿಗೋಸ್ಕರ ಮಾಡ್ಲೇಬೇಕಾದ್ದಕ್ಕೆ ಬೇರೆ ಗುರುತು ಹಾಕಿ. ಉದಾಹರಣೆಗೆ 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತೆ ಸಂಸ್ಥೆ) ಆದೇಶದ ಪ್ರಕಾರ ಸಿಸ್ಟಂ ಲಾಗ್‌ಗಳನ್ನ (ಸಿಸ್ಟಂಲಿ ಯಾವಾಗ ಎಂತ ಆಯ್ತು ಅನ್ನೋ ದಾಖಲೆ) 180 ದಿನ ಇಟ್ಕೊಳ್ಬೇಕು, ಸೈಬರ್ ಘಟನೆ ಆದ್ರೆ ಗೊತ್ತಾದ 6 ಗಂಟೆಯೊಳಗೆ ತಿಳಿಸ್ಬೇಕು. ನಿಮ್ದು ಕಂಪನಿ ಕಾಯ್ದೆಲಿ ನೋಂದಣಿ ಆಗಿರೋ ಕಂಪನಿ ಆದ್ರೆ 2023ರ ಏಪ್ರಿಲ್ 1ರಿಂದ ಅಕೌಂಟಿಂಗ್ ಸಾಫ್ಟ್‌ವೇರ್‌ಲ್ಲಿ ಯಾರು ಎಂಟ್ರಿ ತಿದ್ದಿದ್ರು ಅನ್ನೋ ಎಡಿಟ್ ಲಾಗ್ ಇರ್ಲೇಬೇಕು. ಆ ಲಾಗ್‌ಗೆ ಬೇಕಾದ ಡಿಸ್ಕ್, ಅಪ್‌ಡೇಟ್ ಎಲ್ಲ ಈ ಗುರುತಿನ ಕೆಳಗೆ ಬರತ್ತೆ.

ಎರಡನೇದು ಬದಲಿ ಖರ್ಚು, ಹಳೇದು ತೆಗೆದು ಹೊಸದು ಹಾಕೋದು. ಇಲ್ಲೇ ಹೆಚ್ಚು ಜನ ಎಡವೋದು. 60 ಕಂಪ್ಯೂಟರ್ ಇವೆ, ಒಂದೊಂದು 5 ವರ್ಷ ಓಡತ್ತೆ ಅಂತ ಇಟ್ಕೊಳ್ಳಿ, ವರ್ಷಕ್ಕೆ 12 ಬದಲಾಯಿಸ್ಬೇಕು. ಒಂದಕ್ಕೆ 45 ಸಾವಿರ ಅಂದ್ರೆ ವರ್ಷಕ್ಕೆ 5 ಲಕ್ಷ 40 ಸಾವಿರ. ಇದನ್ನ ಬರೀದೆ ನಾಲ್ಕು ವರ್ಷ "ಈ ಸಲ ಏನೂ ಬೇಡ" ಅಂತ ಒಳ್ಳೇವ್ರಾಗಿ, ಐದನೇ ವರ್ಷ 27 ಲಕ್ಷ ಬೇಕು ಅಂದ್ರೆ ಯಾರು ಕೊಡ್ತಾರೆ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗಿದಾಗ ಎಷ್ಟೋ ಕಡೆ ಆಗಿದ್ದು ಇದೇ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಬದಲಾಯಿಸ್ಕೊಂಡು ಬಂದವ್ರಿಗೆ ಅವತ್ತು ಉಳಿದಿದ್ದು ನಾಲ್ಕೈದು ಮಷೀನು, ಬಿಟ್ಟವ್ರಿಗೆ ಇಡೀ ಆಫೀಸು.

ಮೂರನೇದು ಹೊಸ ಕೆಲ್ಸ. ಹೊಸ ಇಆರ್‌ಪಿ (ಎಲ್ಲ ವಿಭಾಗದ ಲೆಕ್ಕ ಒಂದೇ ಕಡೆ ನೋಡ್ಕೊಳ್ಳೋ ಸಾಫ್ಟ್‌ವೇರ್), ಹೊಸ ಶೆಡ್‌ಗೆ ನೆಟ್‌ವರ್ಕ್. ಒಂದೊಂದಕ್ಕೂ ಬೇರೆ ಬೇರೆ ಪುಟ ಬರೀರಿ, ನಡೆಸೋ ಖರ್ಚಿನ ಜೊತೆ ಸೇರಿಸ್ಬೇಡಿ. ಸೇರಿಸಿದ್ರೆ ಹೊಸದನ್ನ ಬೇಡ ಅನ್ನೋವಾಗ ಹಳೇದಕ್ಕೂ ಕತ್ತರಿ ಬೀಳತ್ತೆ.

ನಾಲ್ಕನೇದು ತುರ್ತು ಹಣ. ನನ್ನ ರೂಢಿ, ಮೊದಲ ಎರಡು ಪಾಲು ಕೂಡಿ ಅದರ 10%. ಇದಕ್ಕೆ ಎರಡು ಕಟ್ಟುಪಾಡು ನೀವೇ ಹಾಕ್ಕೊಳ್ಳಿ: ಮೊದಲೇ ಗೊತ್ತಿದ್ದ ಖರ್ಚಿಗೆ ಇದನ್ನ ಮುಟ್ಟಲ್ಲ, ಉಳಿದಿದ್ದು ಮಾರ್ಚ್ 31ಕ್ಕೆ ವಾಪಸ್. ಮಾರ್ಚ್ ಕೊನೆ ವಾರ ಉಳಿದಿದೆ ಅಂತ ಟ್ಯಾಬ್ಲೆಟ್ ಕೊಂಡವ್ರಿಗೆ ಮುಂದಿನ ವರ್ಷ ಆ ಪಾಲೇ ಇರಲ್ಲ.

ಹಂತ 4: ಅಕೌಂಟ್ಸ್ ಜೊತೆ ಕೂತು ಹೆಡ್ ಮಾಡ್ಸಿ

ಟ್ಯಾಲಿಲಿ ಕಾಸ್ಟ್ ಸೆಂಟರ್ ಅಂತ ಇದೆ, ಯಾವ ವಿಭಾಗದ ಖರ್ಚು ಅಂತ ಗುರುತು ಹಾಕೋದು. ಐಟಿ ಅಂತ ಒಂದು ಮಾಡ್ಸಿ, ಅದ್ರ ಕೆಳಗೆ ನಾಲ್ಕು ಪಾಲೂ ಬರ್ಲಿ. ಲೆಡ್ಜರ್ ಹಳೇದೇ ಇರ್ಲಿ ತೊಂದ್ರೆ ಇಲ್ಲ, ಟೋನರ್ ಸ್ಟೇಷನರಿ ಲೆಡ್ಜರ್‌ಲ್ಲೇ ಇದ್ರೂ ಕಾಸ್ಟ್ ಸೆಂಟರ್ ಐಟಿ ಅಂತ ಬಿದ್ರೆ ತಿಂಗಳ ಕೊನೆಗೆ ಒಂದೇ ರಿಪೋರ್ಟಲ್ಲಿ ಎಲ್ಲ ಸಿಗತ್ತೆ. ಲೆಡ್ಜರನ್ನೇ ಬದಲಾಯ್ಸಿ ಅಂತ ಹಠ ಮಾಡಿದ್ರೆ ಆಡಿಟರ್ ಬೇಡ ಅಂತಾರೆ, ಅಲ್ಲಿಗೇ ನಿಲ್ಲತ್ತೆ.

ಅಕೌಂಟ್ಸವ್ರ ಭಾಷೆ ಒಂದಿಷ್ಟು ಕಲ್ತುಕೊಂಡು ಹೋಗಿ, ಅರ್ಧ ಕೆಲ್ಸ ಆಗತ್ತೆ. ನಾಲ್ಕು ವಿಷ್ಯ ಗೊತ್ತಿರ್ಬೇಕು.

ಬಿಲ್ಲು ಕಂಪನಿ ಹೆಸರು, ಕಂಪನಿ ಜಿಎಸ್‌ಟಿ ನಂಬರಲ್ಲೇ ಇರ್ಬೇಕು. ಅರ್ಜೆಂಟ್ ಅಂತ ನಿಮ್ ಸ್ವಂತ ಆನ್‌ಲೈನ್ ಅಕೌಂಟಲ್ಲಿ 11,800 ರೂಪಾಯಿ ಹಾರ್ಡ್‌ಡಿಸ್ಕ್ ತಂದ್ರೆ ಅದ್ರಲ್ಲಿ 1,800 ಜಿಎಸ್‌ಟಿ, ಕಂಪನಿಗೆ ವಾಪಸ್ ಬರ್ಬೇಕಾದ್ದು ಬರಲ್ಲ. ಬಿಲ್ ಸರಿ ಇದ್ರೂ ಸಾಲಲ್ಲ, ಅಂಗಡಿಯವ್ರು ರಿಟರ್ನ್ ಹಾಕಿ ಅದು ನಿಮ್ ಕಂಪನಿ 2ಬಿಲಿ (ಖರೀದಿ ಮೇಲೆ ವಾಪಸ್ ಸಿಗೋ ಜಿಎಸ್‌ಟಿ ತೋರ್ಸೋ ಪೋರ್ಟಲ್ ಪಟ್ಟಿ) ಕಾಣ್ಬೇಕು. ಕಮ್ಮಿ ರೇಟಿಗೆ ಕೊಟ್ಟು ರಿಟರ್ನ್ ಸರಿಯಾಗಿ ಹಾಕದ ಅಂಗಡಿ ಕೊನೆಗೆ ದುಬಾರಿನೇ.

ವಿದೇಶದ ಕಂಪನಿಯಿಂದ ನೇರ ಡಾಲರ್‌ಲ್ಲಿ ತಗೊಂಡ ಸಬ್‌ಸ್ಕ್ರಿಪ್ಷನ್ ಇದ್ರೆ ರಿವರ್ಸ್ ಚಾರ್ಜಲ್ಲಿ 18% ಜಿಎಸ್‌ಟಿ ನಿಮ್ ಕಂಪನಿನೇ ಕಟ್ಟಿ ಆಮೇಲೆ ಕ್ರೆಡಿಟ್ ತಗೋಬೇಕು. ಅಕೌಂಟ್ಸಿಗೆ ಹೇಳದೆ ಕಾರ್ಡಲ್ಲಿ ಕಟ್ಕೊಂಡು ಹೋದ್ರೆ ಆಡಿಟ್ ಟೈಮಲ್ಲಿ ಅವ್ರ ಕುತ್ತಿಗೆಗೆ ಬರತ್ತೆ, ಆಮೇಲೆ ಅವ್ರು ನಿಮ್ಮನ್ನ ನಂಬಲ್ಲ.

ಸವಕಳಿ, ಅಂದ್ರೆ ಸಾಮಾನಿನ ಬೆಲೆ ವರ್ಷ ವರ್ಷ ಇಳಿಯೋದನ್ನ ಖರ್ಚು ಅಂತ ತೋರ್ಸೋದು. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40%, ಆದ್ರೆ ಆ ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅರ್ಧ ಮಾತ್ರ. ಹಂಗಾಗಿ ಬದಲಿ ಖರೀದಿ ಎಲ್ಲ ಅಕ್ಟೋಬರ್ ಶುರುವಿನೊಳಗೆ ಮುಗಿಸ್ತೀನಿ ಅಂತ ಪ್ಲಾನ್ ಹಾಕಿ ಕೊಟ್ರೆ ಫೈನಾನ್ಸವ್ರು ಖುಷಿಯಿಂದ ಒಪ್ತಾರೆ. ಕಂಪನಿ ಕಾಯ್ದೆ ಲೆಕ್ಕದಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪಿಗೆ 3 ವರ್ಷ, ಸರ್ವರ್ ಮತ್ತು ನೆಟ್‌ವರ್ಕಿಗೆ 6 ವರ್ಷ ಆಯಸ್ಸು ಅಂತ ಇದೆ, ನಿಮ್ ಬದಲಿ ಪಟ್ಟಿಗೂ ಅದಕ್ಕೂ ಯಾಕೆ ವ್ಯತ್ಯಾಸ ಅಂತ ಕೇಳಿದ್ರೆ ಹೇಳಕ್ಕೆ ಗೊತ್ತಿರ್ಬೇಕು.

ಕೊನೇದು ಪೇಮೆಂಟ್ ದಿನ. ಮೈಕ್ರೋ, ಸ್ಮಾಲ್ ಅಂತ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪಟ್ಟಿ) ನೋಂದಣಿ ಇರೋ ಸರ್ವೀಸ್‌ನವ್ರಿಗೆ ಹೆಚ್ಚಂದ್ರೆ 45 ದಿನದೊಳಗೆ ಕಟ್ಬೇಕು ಅಂತ ಎಂಎಸ್‌ಎಂಇ ಕಾಯ್ದೆ ಹೇಳತ್ತೆ. ಊರಿನ ಸಣ್ಣ ಸರ್ವೀಸ್ ಹುಡುಗ್ರನ್ನ ನಾಲ್ಕು ತಿಂಗಳು ಅಲೆಸಿದ್ರೆ, ಮಳೆಗಾಲದ ರಾತ್ರಿ ನೀವು ಫೋನ್ ಮಾಡಿದಾಗ ಅವ್ರು ಯಾಕೆ ಎತ್ತಬೇಕು ಹೇಳಿ.

ಹಂತ 5: ಅಧಿಕಾರ ಪತ್ರ ಬರ್ಸಿ

ಈಗ ಬಂತು ಅಧಿಕಾರದ ಮಾತು. ಬಾಯಿ ಮಾತಲ್ಲಿ "ಸರಿ ನೀನೇ ನೋಡ್ಕೋ" ಅಂದ್ರೆ ಅದು ಆ ದಿನದ ಮಟ್ಟಿಗೆ. ಒಂದು ಪುಟದಲ್ಲಿ ಬರೆದು ಸಹಿ ಆಗ್ಬೇಕು.

ಇದು ಯಾಕೆ ಅಂತ ಒಂದು ಘಟನೆ ಹೇಳ್ತೀನಿ. ನಾನು ಕೆಲ್ಸ ಮಾಡ್ತಿದ್ದ ಒಂದು ಫ್ಯಾಕ್ಟರಿಲಿ ಜುಲೈ ತಿಂಗಳು, ಸರ್ವರ್ ರೂಮಿನ ಯುಪಿಎಸ್ ಬ್ಯಾಟರಿ ಎರಡು ಉಬ್ಬಿಕೊಂಡಿತ್ತು, ಕೈ ಇಟ್ರೆ ಬಿಸಿ. 34 ಸಾವಿರದ ಕೊಟೇಶನ್ ತಗೊಂಡು ಫೈಲ್ ಇಟ್ಟೆ. ಯಜಮಾನ್ರು ಬೆಂಗಳೂರಲ್ಲಿದ್ರು, ಬಂದ್ಮೇಲೆ ಇನ್ನೇನೋ ಕೆಲ್ಸ, ಫೈಲು ಟೇಬಲ್ ಮೇಲೆ 19 ದಿನ ಕೂತಿತ್ತು. ದಿನಾ ಬೆಳಿಗ್ಗೆ ಹೋಗಿ ಆ ಫೈಲ್ ಮೇಲೆ ಇನ್ನೆಷ್ಟು ಫೈಲ್ ಬಿದ್ದಿದೆ ಅಂತ ನೋಡಿ ಬರ್ತಿದ್ದೆ. 20ನೇ ದಿನ ರಾತ್ರಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಯ್ತು, ಯುಪಿಎಸ್ ನಾಲ್ಕು ನಿಮಿಷ ಎಳೀತು, ಜನರೇಟರ್ ಹತ್ಕೊಳ್ಳೋದ್ರೊಳಗೆ ಸರ್ವರ್ ಆಫ್, ಡೇಟಾಬೇಸ್ ಕರಪ್ಟ್. ಮೂರು ದಿನ ಬಿಲ್ ಪ್ರಿಂಟ್ ಆಗ್ಲಿಲ್ಲ, ಲೋಡ್ ಆಗಿದ್ದ ಲಾರಿಗಳು ಗೇಟ್ ಒಳಗೆ ಮಳೇಲಿ ನಿಂತಿದ್ವು, ಡ್ರೈವರ್‌ಗಳು ಟಾರ್ಪಾಲ್ ಕೆಳಗೆ ಸ್ಟೌವ್ ಇಟ್ಕೊಂಡು ಅಡಿಗೆ ಮಾಡ್ಕೊಳ್ತಿದ್ರು. ಅಲ್ಲಿ ಯಾರೂ ಕೆಟ್ಟವ್ರಲ್ಲ, ಯಾರೂ ಬೇಡ ಅಂದಿರ್ಲಿಲ್ಲ. ಆ ಸಹಿ ಅವ್ರ ಬದ್ಲು ಬೇರೆ ಯಾರು ಹಾಕ್ಬಹುದು ಅಂತ ಎಲ್ಲೂ ಬರೆದಿರ್ಲಿಲ್ಲ, ಅಷ್ಟೇ.

ಪತ್ರದಲ್ಲಿ ಬಜೆಟ್‌ನೊಳಗಿನ ಖರ್ಚು ಮತ್ತು ಬಜೆಟ್ ಹೊರಗಿನ ಖರ್ಚು ಅಂತ ಎರಡು ಕಾಲಂ ಮಾಡಿ. ಇದೇ ಕೀಲಿ. ಒಂದು ಸಲ ಒಪ್ಪಿದ ಬಜೆಟ್‌ಲ್ಲಿ ಇರೋ ಸಾಮಾನಿಗೆ ಮತ್ತೆ ಒಪ್ಪಿಗೆ ಯಾಕೆ ಬೇಕು? ನಾನು ಹಾಕಿಕೊಡೋ ಮಾದರಿ ಹಿಂಗಿದೆ, ನಿಮ್ ಕಂಪನಿ ಗಾತ್ರಕ್ಕೆ ಅಂಕಿ ಬದಲಾಯ್ಸಿಕೊಳ್ಳಿ. ಬಜೆಟ್‌ನೊಳಗೆ 10 ಸಾವಿರದವರೆಗೆ ಐಟಿಯವ್ರೇ, 50 ಸಾವಿರದವರೆಗೆ ಐಟಿಯವ್ರೇ ಆದ್ರೆ ಎರಡು ಕೊಟೇಶನ್ ಫೈಲಲ್ಲಿ ಇರ್ಬೇಕು, 2 ಲಕ್ಷದವರೆಗೆ ಫೈನಾನ್ಸ್ ಸಹಿನೂ ಬೇಕು, ಅದರ ಮೇಲೆ ಯಜಮಾನ್ರು. ಬಜೆಟ್ ಹೊರಗೆ ಎಷ್ಟೇ ಸಣ್ಣದಾದ್ರೂ ಫೈನಾನ್ಸ್ ಕೇಳ್ಬೇಕು. ತುರ್ತು ಹಣ ಆದ್ರೆ ಮೊದಲು ಖರ್ಚು, 24 ಗಂಟೆಯೊಳಗೆ ಲಿಖಿತ ಕಾರಣ.

ಜೊತೆಗೆ ಮೂರು ಸಾಲು ತಪ್ಪದೆ ಬರ್ಸಿ. ಸಹಿ ಹಾಕೋರು ಊರಲ್ಲಿ ಇಲ್ದಿದ್ರೆ ಅವ್ರ ಬದಲಿಗೆ ಯಾರು, ಹುದ್ದೆ ಹೆಸರಲ್ಲಿ. ಫೈಲ್ ಮೂರು ಕೆಲ್ಸದ ದಿನಕ್ಕಿಂತ ಹೆಚ್ಚು ಒಂದು ಟೇಬಲ್ ಮೇಲೆ ನಿಂತ್ರೆ ಮುಂದೆ ಯಾರ ಹತ್ರ ಹೋಗತ್ತೆ. ಆರ್ಡರ್ ಹಾಕಿದವ್ರೇ ಸಾಮಾನು ಬಂತು ಅಂತ ಸಹಿ ಹಾಕೋ ಹಾಗಿಲ್ಲ, ಸ್ಟೋರ್ಸ್‌ನವ್ರು ನೋಡಿ ಹಾಕ್ಬೇಕು. ಕೊನೇ ಸಾಲು ನಿಮ್ಮನ್ನ ಕಟ್ಟಿಹಾಕಕ್ಕೆ ಅಂತ ಅನ್ಕೋಬೇಡಿ, ನಾಳೆ ಯಾರಾದ್ರೂ ಬೆರಳು ತೋರ್ಸಿದ್ರೆ ನಿಮ್ಮನ್ನ ಕಾಪಾಡೋದು ಅದೇ.

ದೊಡ್ಡ ತಪ್ಪು ಇಲ್ಲಿ ಆಗೋದು ಯಾವ್ದು ಅಂದ್ರೆ 80 ಸಾವಿರದ ಖರೀದಿನ ಎರಡು 40 ಸಾವಿರ ಮಾಡಿ ಮಿತಿಯೊಳಗೆ ತರೋದು. ಒಂದೇ ಅಂಗಡಿ, ಒಂದೇ ವಾರ, ಎರಡು ಬಿಲ್ಲು. ಆಡಿಟರ್ ಕಣ್ಣಿಗೆ ಮೊದಲು ಬೀಳೋದು ಅದೇ, ಒಂದು ಸಲ ಹಂಗೆ ಸಿಕ್ಕಿಬಿದ್ರೆ ಆ ಪತ್ರ ಕಾಗದವೇ ಆಗಿ ಉಳಿಯತ್ತೆ.

ಹಂತ 6: ಕಾರ್ಡು, ಕ್ಲೌಡು, ಲೈಸೆನ್ಸು

ಕಂಪನಿ ಕಾರ್ಡಲ್ಲಿ ತಾನಾಗಿ ಕಟ್ ಆಗೋ ಬಿಲ್ 15,000 ರೂಪಾಯಿ ದಾಟಿದ್ರೆ ಆರ್‌ಬಿಐ ನಿಯಮದ ಪ್ರಕಾರ ಪ್ರತಿ ಸಲ ಒಟಿಪಿ ಬೇಕು. ಒಟಿಪಿ ಹೋಗೋದು ಯಜಮಾನ್ರ ಫೋನಿಗೆ, ಅವ್ರು ತೋಟದಲ್ಲಿ ಸಿಗ್ನಲ್ ಇಲ್ದೆ ಇದ್ರೆ ಪೇಮೆಂಟ್ ಫೇಲ್, ಮೇಲ್ ಬಂದಿರೋದು ಯಾರೂ ನೋಡದ ಐಡಿಗೆ. ಇಂಥ ಬಿಲ್ಲುಗಳನ್ನ ಬೇರೆ ಪಟ್ಟಿ ಮಾಡಿ, ಆಗೋದಾದ್ರೆ ಇನ್‌ವಾಯ್ಸ್ ತಗೊಂಡು ಬ್ಯಾಂಕ್ ಟ್ರಾನ್ಸ್‌ಫರ್ ಮಾಡೋ ಹಾಗೆ ಬದಲಾಯ್ಸಿ, ಅಥವಾ ರೂಪಾಯಿಲಿ ಬಿಲ್ ಕೊಡೋ ಇಲ್ಲಿನ ರೀಸೆಲ್ಲರ್ ಮೂಲಕ ತಗೊಳ್ಳಿ.

ಕ್ಲೌಡ್‌ಲ್ಲಿ ಬಜೆಟ್ ಅಲರ್ಟ್ ಇಟ್ಟಿದೀನಿ, ಇನ್ನು ಭಯ ಇಲ್ಲ ಅಂತಾರೆ. ಅಲರ್ಟ್ ಸುದ್ದಿ ಹೇಳತ್ತೆ ಅಷ್ಟೇ, ಖರ್ಚು ನಿಲ್ಸಲ್ಲ. ಶನಿವಾರ ಸಂಜೆ ಯಾರೋ ಟೆಸ್ಟ್ ಅಂತ ದೊಡ್ಡ ಸರ್ವರ್ ಆನ್ ಮಾಡಿ ಮನೆಗೆ ಹೋದ್ರೆ ಸೋಮವಾರದವರೆಗೂ ಮೀಟರ್ ಓಡ್ತಾನೇ ಇರತ್ತೆ. ಬಜೆಟ್‌ನ 50%, 80%, 100%ಕ್ಕೆ ಅಲರ್ಟ್ ಇಟ್ಟು, ಅದು ಇಬ್ಬರ ಫೋನಿಗೆ ಹೋಗೋ ಹಾಗೆ ಮಾಡಿ, ಟೆಸ್ಟ್ ಮಷೀನುಗಳು ರಾತ್ರಿ ತಾವಾಗೇ ಆಫ್ ಆಗೋ ಹಾಗೆ ಇಡಿ.

ಮೇಲ್ ಲೈಸೆನ್ಸ್ ವಿಷ್ಯ. ಮೈಕ್ರೋಸಾಫ್ಟ್ 365 ವರ್ಷದ ಕರಾರಲ್ಲಿ ತಗೊಂಡ್ರೆ ಮೊದಲ 7 ದಿನ ಬಿಟ್ರೆ ಮಧ್ಯದಲ್ಲಿ ಸೀಟ್ (ಎಷ್ಟು ಜನಕ್ಕೆ ಲೈಸೆನ್ಸ್ ಅನ್ನೋ ಲೆಕ್ಕ) ಕಮ್ಮಿ ಮಾಡಕ್ಕಾಗಲ್ಲ. ಖಾಯಂ ಇರೋ ಜನಕ್ಕೆ ವರ್ಷದ್ದು, ಸೀಸನ್‌ಗೆ ಬಂದು ಹೋಗೋರಿಗೆ ತಿಂಗಳದ್ದು ಅಂತ ಬೇರೆ ಬೇರೆ ತಗೊಳ್ಳಿ. ರಿನ್ಯೂವಲ್ ಹಿಂದಿನ ತಿಂಗಳು ಎಚ್‌ಆರ್ ಪಟ್ಟಿ ಪಕ್ಕಕ್ಕಿಟ್ಟು ನೋಡಿ, ಕೆಲ್ಸ ಬಿಟ್ಟು ಹೋದವ್ರ ಹೆಸರಲ್ಲಿ ಓಡ್ತಿರೋ ಲೈಸೆನ್ಸ್ ಖಂಡಿತ ಸಿಗತ್ತೆ.

ಹಂತ 7: ಬೇರೆ ವಿಭಾಗದವ್ರ ಬೇಡಿಕೆ

ಮಾರ್ಕೆಟಿಂಗ್‌ನವ್ರಿಗೆ ದೊಡ್ಡ ಲ್ಯಾಪ್‌ಟಾಪ್ ಬೇಕು ಅಂದ್ರೆ ದುಡ್ಡು ಅವ್ರ ಹೆಡ್‌ನಿಂದ, ಯಾವ ಮಾಡೆಲ್ ಅನ್ನೋದು ಐಟಿ ಮಾತು. ಈ ಒಂದು ನಿಯಮ ಅಧಿಕಾರ ಪತ್ರದಲ್ಲೇ ಸೇರ್ಸಿ. ಐಟಿ ಸಹಿ ಇಲ್ದೆ ಬಂದ ಕಂಪ್ಯೂಟರ್, ಸಾಫ್ಟ್‌ವೇರ್ ಬಿಲ್ಲನ್ನ ಅಕೌಂಟ್ಸ್ ಪಾಸ್ ಮಾಡಲ್ಲ ಅಂತಾದ್ರೆ ಕಳ್ಳದಾರಿ ಖರೀದಿ ತಾನೇ ನಿಲ್ಲತ್ತೆ. ಆದ್ರೆ ಆ ಸಹಿ ಎರಡು ದಿನದೊಳಗೆ ಹಾಕಿಕೊಡಿ, ನಿಮ್ ಟೇಬಲ್ ಮೇಲೂ ಫೈಲ್ ಕೂರ್ಬಾರ್ದು.

ಹಂತ 8: ಯಜಮಾನ್ರ ಮುಂದೆ ಕೂರೋದು

ಒಂದು ಪುಟ ಸಾಕು. ಮೂರು ವರ್ಷದ ಒಟ್ಟು ಖರ್ಚು, ಬರೋ ವರ್ಷದ ನಾಲ್ಕು ಪಾಲು, ತಿಂಗಳುವಾರು ಎಷ್ಟು ಹೊರಗೆ ಹೋಗತ್ತೆ. ತಿಂಗಳುವಾರು ಅನ್ನೋದು ನಮ್ ಕಡೆ ಬಹಳ ಮುಖ್ಯ. ಅಡಿಕೆ ವ್ಯವಹಾರದ ಮನೆಯವ್ರ ಕಂಪನಿ ಆದ್ರೆ ಕೊಯ್ಲು ಮುಗಿದು ಮಾಲು ಮಂಡಿಗೆ ಹೋದ್ಮೇಲೆ ಕೈಲಿ ದುಡ್ಡು ಓಡಾಡತ್ತೆ, ಮಳೆಗಾಲದಲ್ಲಿ ಬಿಗಿ. ದೊಡ್ಡ ರಿನ್ಯೂವಲ್‌ಗಳನ್ನ ಜುಲೈ-ಆಗಸ್ಟಿಂದ ಎಳೆದು ಬೇರೆ ತಿಂಗಳಿಗೆ ತಂದಿದೀನಿ ಅಂತ ತೋರ್ಸಿದ್ರೆ ಅವ್ರಿಗೆ ನೀವು ಮನೆ ಕಷ್ಟ ಗೊತ್ತಿರೋ ಮನುಷ್ಯ ಅಂತ ಅನ್ಸತ್ತೆ.

ರ‍್ಯಾಮ್, ಕೋರ್, ಥ್ರೂಪುಟ್ ಮಾತು ಬೇಡ. "ಸಾರ್, ಈ ಸರ್ವರ್ ಒಂದು ದಿನ ನಿಂತ್ರೆ ಇಷ್ಟು ಬಿಲ್ ನಿಲ್ಲತ್ತೆ, ಬ್ಯಾಟರಿಗೆ ಇಷ್ಟು" ಅಂತ ಹೇಳಿ. ಒಂದು ದಿನಕ್ಕೆ ಎಷ್ಟು ಬಿಲ್ ಅನ್ನೋ ಅಂಕಿ ಡಿಸ್ಪ್ಯಾಚಿಂದ ತಗೊಂಡು ಹೋಗಿ, ನೀವೇ ಅಂದಾಜು ಮಾಡ್ಬೇಡಿ. ಪೂರ್ತಿ ಒಪ್ಲಿಲ್ಲ ಅಂದ್ರೆ ಜಗ್ಗಾಡ್ಬೇಡಿ. ನಡೆಸೋ ಖರ್ಚು ಮತ್ತು ತುರ್ತು ಹಣ, ಈ ಎರಡು ಪಾಲಿನ ಅಧಿಕಾರ ಮಾತ್ರ ಆರು ತಿಂಗಳಿಗೆ ಕೇಳಿ. ನಂಗೆ ಎರಡು ಕಡೆ ಹಂಗೇ ಸಿಕ್ಕಿದ್ದು.

ಹಂತ 9: ಪ್ರತಿ ತಿಂಗಳು 7ನೇ ತಾರೀಖಿನೊಳಗೆ ರಿಪೋರ್ಟ್

ಅಧಿಕಾರ ಸಿಕ್ಕಿದ ಮೂರನೇ ತಿಂಗಳಿಗೆ ಎಲ್ರೂ ಬಿಡೋದು ಇದನ್ನ. ಬಜೆಟ್ ಎಷ್ಟು, ಹೋಗಿದ್ದೆಷ್ಟು, ಆರ್ಡರ್ ಹಾಕಿ ಬಿಲ್ ಬರ್ಬೇಕಾದ್ದೆಷ್ಟು ಅಂತ ಮೂರು ಕಾಲಂ. ಮೂರನೇ ಕಾಲಂ ಮರೀಬೇಡಿ, ಅದಿಲ್ದೆ ದುಡ್ಡು ಇದೆ ಅಂತ ಅನ್ಕೊಂಡು ಮತ್ತೊಂದು ಆರ್ಡರ್ ಹಾಕ್ಬಿಡ್ತೀವಿ. ಯಾವ ಪಾಲಲ್ಲಾದ್ರೂ 10% ಮೇಲೆ ಕೆಳಗೆ ಆಗಿದ್ರೆ ಒಂದು ಸಾಲು ಕಾರಣ. ಕಮ್ಮಿ ಆಗಿದ್ರೂ ಕಾರಣ ಬರೀರಿ, ಉಳಿಸಿದ್ದಾ ಮುಂದಕ್ಕೆ ಹಾಕಿದ್ದಾ ಅಂತ ಅವ್ರಿಗೆ ಗೊತ್ತಾಗ್ಬೇಕು.

ಹಳೇ ಸಾಮಾನಿನ ಲೆಕ್ಕಾನೂ ಇದ್ರಲ್ಲೇ ಬರ್ಲಿ. ಕಿತ್ತ ಬ್ಯಾಟರಿ ವಾಪಸ್ ಕೊಟ್ಟಿದ್ದಕ್ಕೆ ಬಂದ ದುಡ್ಡು, ನೋಂದಣಿ ಇರೋ ಇ-ತ್ಯಾಜ್ಯ ರೀಸೈಕ್ಲರ್‌ಗೆ ಕೊಟ್ಟಿದ್ದಕ್ಕೆ ರಸೀದಿ. ಗುಜರಿ ಗಾಡಿಗೆ ಹಾಕ್ಬೇಡಿ, ಹಾರ್ಡ್‌ಡಿಸ್ಕ್ ಒಳಗೆ ಕಂಪನಿ ಲೆಕ್ಕ ಇರತ್ತೆ.

ಹಳಿ ತಪ್ತಿದೆ ಅಂತ ಗೊತ್ತಾಗೋ ಗುರುತುಗಳು

ತುರ್ತು ಹಣ ಸೆಪ್ಟೆಂಬರ್ ಒಳಗೆ ಖಾಲಿ ಆಯ್ತು ಅಂದ್ರೆ ಬದಲಿ ಪಟ್ಟಿ ಸರಿ ಮಾಡಿಲ್ಲ ಅಂತ ಅರ್ಥ, ಹಂತ 2ಕ್ಕೆ ವಾಪಸ್ ಹೋಗಿ.

ಒಂದೇ ಅಂಗಡಿಯಿಂದ ಆರು ತಿಂಗಳು ಸತತ ಖರೀದಿ ಆಗಿದ್ರೆ, ಆ ಅಂಗಡಿಯವ್ರು ಎಷ್ಟೇ ಒಳ್ಳೇವ್ರಾದ್ರೂ ಒಂದು ಸಲ ಬೇರೆ ಕಡೆ ಕೊಟೇಶನ್ ತಗೊಂಡು ಫೈಲಿಗೆ ಹಾಕಿ. ಹಬ್ಬಕ್ಕೆ ಅಂತ ಅಂಗಡಿಯವ್ರು ಕೊಟ್ಟ ಗಿಫ್ಟ್ ಮನೆಗೆ ಒಯ್ಯಬೇಡಿ, ಆಫೀಸಿಗೆ ತಂದು ಎಲ್ರ ಮುಂದೆ ಇಡಿ.

ಅಕೌಂಟ್ಸವ್ರು "ಈ ಬಿಲ್ ಯಾವ್ದು" ಅಂತ ತಿಂಗಳಿಗೆ ಮೂರು ಸಲಕ್ಕಿಂತ ಹೆಚ್ಚು ಕೇಳ್ತಿದ್ರೆ ಕಾಸ್ಟ್ ಸೆಂಟರ್ ಸರಿಯಾಗಿ ಬೀಳ್ತಿಲ್ಲ. ಬಿಲ್ ಕೊಡೋವಾಗಲೇ ಮೇಲ್ಗಡೆ ಪೆನ್ನಲ್ಲಿ ಯಾವ ಪಾಲು ಅಂತ ಬರೆದುಕೊಡಿ.

ಯಜಮಾನ್ರು ಮತ್ತೆ ಸಣ್ಣ ಸಣ್ಣ ಖರೀದಿಗೂ "ನಂಗೆ ಹೇಳ್ಲಿಲ್ಲ ಯಾಕೆ" ಅಂತ ಶುರು ಮಾಡಿದ್ರೆ ಪತ್ರ ತೋರ್ಸಿ ವಾದ ಮಾಡಕ್ಕೆ ಹೋಗ್ಬೇಡಿ. ಹಿಂದಿನ ಎರಡು ತಿಂಗಳ ರಿಪೋರ್ಟ್ ಅವ್ರ ಕೈ ಸೇರಿದ್ಯಾ ಅಂತ ನೋಡಿ, ನೂರಕ್ಕೆ ತೊಂಬತ್ತು ಸಲ ಸೇರಿರಲ್ಲ. ಮೇಲ್‌ಲ್ಲಿ ಕಳ್ಸಿದೀನಿ ಅನ್ನೋ ಬದ್ಲು ಪ್ರಿಂಟ್ ತಗೊಂಡು ಹೋಗಿ, ಎದುರಿಗೆ ಕೂತು ಐದು ನಿಮಿಷ ಓದಿ ಹೇಳಿ ಬನ್ನಿ.